ಜಗಲಿಯ ಮೇಲಿನ ರಾಜಧಾನಿ

ಹನೋಯ್‌ನಲ್ಲಿ ರಸ್ತೆ ದಾಟುವುದು ಒಂದು ವಿದ್ಯೆ. ಸಿಗ್ನಲ್ ನೋಡಿಕೊಂಡು ದಾಟೋಣವೆಂದರೆ ಹಳೇ ಪೇಟೆಯ ಎಷ್ಟೋ ಕೂಡುರಸ್ತೆಗಳಲ್ಲಿ ಸಿಗ್ನಲ್ಲೇ ಇಲ್ಲ. ಸ್ಕೂಟರು, ಬೈಕುಗಳು ಒಂದೇ ಸಮನೆ ಹರಿದು ಬರುತ್ತಿರುತ್ತವೆ. ನಿಲ್ಲಲಿ ಎಂದು ಕಾಯುತ್ತ ಕೂತರೆ ಸಂಜೆಯಾದೀತು. ಮಾಡಬೇಕಾದದ್ದು ಇಷ್ಟು: ಧೈರ್ಯವಾಗಿ ಕಾಲಿಡಬೇಕು, ನಿಧಾನವಾಗಿ, ಒಂದೇ ವೇಗದಲ್ಲಿ ನಡೆಯುತ್ತ ಹೋಗಬೇಕು. ಓಡಬಾರದು, ತಟ್ಟನೆ ನಿಲ್ಲಬಾರದು, ಹೆದರಿ ಹಿಂದಕ್ಕಂತೂ ಬರಲೇಬಾರದು. ನಡೆಯುವವರ ವೇಗವನ್ನು ಸವಾರರು ಕಣ್ಣಲ್ಲೇ ಅಳೆದು ಮುಂದಿನಿಂದಲೋ ಹಿಂದಿನಿಂದಲೋ ಸರಿದು ಹೋಗುತ್ತಾರೆ. ಈ ಲೆಕ್ಕ ಕಾರು, ಬಸ್ಸುಗಳಿಗೆ ಹೊಂದುವುದಿಲ್ಲ. ಅವು ಬಂದಾಗ ನಾವೇ ನಿಂತುಬಿಡುವುದು ಕ್ಷೇಮ.

ನಮ್ಮವರಿಗೆ ಇನ್ನೂ ಒಂದು ತೊಡಕಿದೆ. ವಿಯೆಟ್ನಾಮಿನಲ್ಲಿ ವಾಹನಗಳು ರಸ್ತೆಯ ಬಲಗಡೆ ಓಡುತ್ತವೆ. ಚಿಕ್ಕಂದಿನಿಂದ ಮೊದಲು ಬಲಕ್ಕೆ ನೋಡಿ ರೂಢಿಯಾದ ಕತ್ತು ಅಲ್ಲೂ ಬಲಕ್ಕೇ ತಿರುಗುತ್ತದೆ. ಗಾಡಿ ಬರುವುದು ಎಡದಿಂದ. ಮೊದಲ ದಿನ ಇದನ್ನು ಬುದ್ಧಿಗೆ ಹೇಳಿದರೂ ಕತ್ತು ಕೇಳುವುದಿಲ್ಲ.

ಹಾಗಾದರೆ ಫುಟ್‌ಪಾತ್ ಇಲ್ಲವೇ? ಇದೆ, ಸಾಕಷ್ಟು ಅಗಲವಾಗಿಯೇ ಇದೆ. ಅದರ ಮೇಲೆ ಜಾಗವಿಲ್ಲ, ಅಷ್ಟೇ. ಅರ್ಧದಲ್ಲಿ ಬೈಕುಗಳನ್ನು ಒತ್ತೊತ್ತಾಗಿ ನಿಲ್ಲಿಸಿರುತ್ತಾರೆ. ಉಳಿದರ್ಧದಲ್ಲಿ ಒಬ್ಬಾಕೆ ಸೊಪ್ಪು ಸೋಸುತ್ತಿದ್ದಾಳೆ, ಒಬ್ಬ ಕ್ಷೌರಿಕ ಗೋಡೆಗೆ ಕನ್ನಡಿ ನೇತುಹಾಕಿಕೊಂಡು ಗಿರಾಕಿಯ ಗಡ್ಡ ಹೆರೆಯುತ್ತಿದ್ದಾನೆ, ಅಜ್ಜನೊಬ್ಬ ಪಂಜರದ ಹಕ್ಕಿಗೆ ನೀರಿಡುತ್ತಿದ್ದಾನೆ, ಮೊಳಕಾಲೆತ್ತರವೂ ಇಲ್ಲದ ಪ್ಲಾಸ್ಟಿಕ್ ಸ್ಟೂಲುಗಳ ಮೇಲೆ ಹತ್ತು ಜನ ಕುಕ್ಕರಿಸಿ ನೂಡಲ್ಸ್ ಸೊರ್ರನೆ ಹೀರುತ್ತಿದ್ದಾರೆ. ಫುಟ್‌ಪಾತ್ ಎನ್ನುವುದು ಹನೋಯ್‌ನ ಜಗಲಿ. ಜಗಲಿಯ ಮೇಲೆ ಮನೆಯವರು ಕೂತಿರುವಾಗ ದಾರಿಹೋಕರು ಅಂಗಳಕ್ಕಿಳಿದು ಹೋಗಬೇಕಾದದ್ದು ನ್ಯಾಯವೇ. ಟೂರಿಸ್ಟ್ ಬಸ್ಸಿನ ಕಿಟಕಿಗೆ ಈ ಊರು ಬರೀ ಗಲಾಟೆಯಾಗಿ ಕಾಣುತ್ತದೆ. ನಡೆದು ನೋಡುವವರಿಗೆ, ಅದರಲ್ಲೂ ಒಬ್ಬರೇ ಸುತ್ತುವವರಿಗೆ, ಜಗಲಿಯಲ್ಲಿ ಒಂದು ಸ್ಟೂಲು ಬೇಗ ಸಿಗುತ್ತದೆ. ಐದು ಜನರ ಗುಂಪಿಗೆ ಜಾಗ ಹುಡುಕಬೇಕು. ಒಬ್ಬರಾದರೆ ಇದ್ದವರೇ ಒತ್ತರಿಸಿ ಕೂರಿಸಿಕೊಳ್ಳುತ್ತಾರೆ.

ನಡಿಗೆ ಶುರು ಮಾಡುವುದಕ್ಕೆ ಒಳ್ಳೆಯ ಜಾಗ ಹೊವಾನ್ ಕಿಯೆಮ್ ಕೆರೆಯ ದಂಡೆ; ಒಳ್ಳೆಯ ಹೊತ್ತು ಬೆಳಗಿನ ಐದೂವರೆ. ಆ ಹೊತ್ತಿಗೆ ಊರಿನ ಅರ್ಧ ಅಜ್ಜಿಯರು ಅಲ್ಲಿ ಹಾಜರ್. ಒಂದು ಮರದಡಿ ಬೀಸಣಿಗೆ ಹಿಡಿದು ತಾಯ್ ಚಿ, ಇನ್ನೊಂದರಡಿ ಸ್ಪೀಕರ್ ಹಚ್ಚಿಕೊಂಡು ಏರೋಬಿಕ್ಸ್, ಪಕ್ಕದಲ್ಲಿ ನೆಲಕ್ಕೆ ಗೆರೆ ಎಳೆದುಕೊಂಡು ಬ್ಯಾಡ್ಮಿಂಟನ್. ಕೆರೆಯ ಸುತ್ತು ಎರಡು ಕಿಲೋಮೀಟರಿಗಿಂತ ಕಡಿಮೆ. ಅರ್ಧ ಗಂಟೆಯಲ್ಲಿ ಮುಗಿಯುತ್ತದೆ.

ಹೊವಾನ್ ಕಿಯೆಮ್ ಎಂದರೆ ಹಿಂದಿರುಗಿಸಿದ ಖಡ್ಗ. ಚೀನಾದ ಮಿಂಗ್ ಆಳ್ವಿಕೆಯನ್ನು ಕೊನೆಗಾಣಿಸಿ 1428ರಲ್ಲಿ ಪಟ್ಟವೇರಿದ ಲೇ ಲೋಯ್‌ಗೆ ದೈವವೊಂದು ಖಡ್ಗ ಕೊಟ್ಟಿತ್ತಂತೆ. ಯುದ್ಧ ಮುಗಿದ ಮೇಲೆ ಅರಸ ದೋಣಿಯಲ್ಲಿ ವಿಹರಿಸುತ್ತಿದ್ದಾಗ ದೊಡ್ಡ ಆಮೆಯೊಂದು ನೀರಿನಿಂದೆದ್ದು ಖಡ್ಗವನ್ನು ವಾಪಸು ಕೇಳಿ ಪಡೆದುಕೊಂಡಿತು ಎಂಬುದು ಕಥೆ. ಕೆಲಸವಾದ ಮೇಲೆ ಆಯುಧ ಹಿಂದಿರುಗಿಸಿದ ಅರಸನ ಕಥೆಯನ್ನು ಊರಿನ ನಡುಮಧ್ಯ ಇಟ್ಟುಕೊಂಡಿರುವ ಇದೇ ಊರು 20ನೇ ಶತಮಾನದಲ್ಲಿ ಒಂದಾದ ಮೇಲೊಂದು ಯುದ್ಧ ಕಂಡಿತು. ಆಮೆ ಮಾತ್ರ ಬರೀ ಕಥೆಯಲ್ಲ. ಕೆರೆಯಲ್ಲಿ ನಿಜವಾಗಿಯೂ ಒಂದು ಮೆದುಚಿಪ್ಪಿನ ಆಮೆ ಇತ್ತು. 2011ರಲ್ಲಿ ಚಿಕಿತ್ಸೆಗೆಂದು ಹಿಡಿದು ತೂಗಿದಾಗ 169 ಕಿಲೋ ಇತ್ತು. ಜನ ಅದನ್ನು ಕರೆಯುತ್ತಿದ್ದದ್ದು ‘ಕು ರುವಾ’ ಎಂದು. ‘ಆಮೆ ಮುತ್ತಜ್ಜ’ ಎಂಬಂಥ ಗೌರವದ ಹೆಸರು. 2016ರ ಜನವರಿಯಲ್ಲಿ ಅದು ಸತ್ತಿತು, ಅದೂ ಕಮ್ಯುನಿಸ್ಟ್ ಪಕ್ಷದ ಮಹಾಧಿವೇಶನ ಆರಂಭವಾಗುವ ಹಿಂದಿನ ದಿನ. ಶಕುನ ನೋಡುವವರಿಗೆ ಇನ್ನೇನು ಬೇಕು! ಈಗ ಅದರ ದೇಹವನ್ನು ಕೆಡದಂತೆ ಕಾಪಿಟ್ಟು, ಕೆಂಪು ಮರದ ಸೇತುವೆ ದಾಟಿ ಹೋಗುವ ನಡುಗಡ್ಡೆಯ ನ್ಗೊಕ್ ಸೋನ್ ಗುಡಿಯಲ್ಲಿ ಗಾಜಿನ ಪೆಟ್ಟಿಗೆಯೊಳಗಿಟ್ಟಿದ್ದಾರೆ.

ಅಷ್ಟರಲ್ಲಿ ಹೊಟ್ಟೆ ತಿಂಡಿಯ ಹೊತ್ತನ್ನು ನೆನಪಿಸುತ್ತದೆ. ಹನೋಯ್‌ನ ಬೆಳಗಿನ ತಿಂಡಿ ‘ಫೊ’: ಅಕ್ಕಿಯ ಚಪ್ಪಟೆ ಶಾವಿಗೆ, ರಾತ್ರಿಯಿಡೀ ಕುದಿಸಿದ ಮೂಳೆಯ ಸಾರು, ಮೇಲೆ ದನದ ಮಾಂಸದ ಇಲ್ಲವೇ ಕೋಳಿಯ ತೆಳು ಹೋಳು, ಈರುಳ್ಳಿ ಸೊಪ್ಪು. ಸಸ್ಯಾಹಾರಿಗಳಿಗೆ ಇಲ್ಲಿ ಪಾಡು ಸ್ವಲ್ಪ ಕಷ್ಟವೇ. ಮಾಂಸ ಬೇಡವೆಂದರೂ ಮೀನಿನ ರಸ ಅಡುಗೆಗೆ ಬಿದ್ದೇ ಇರುತ್ತದೆ. ನಮ್ಮಲ್ಲಿ ಒಗ್ಗರಣೆ ಹೇಗೋ ಅವರಿಗೆ ಅದು ಹಾಗೆ. ಆದರೆ ‘ಅನ್ ಚಾಯ್’ ಎಂಬ ಎರಡು ಪದ ಗೊತ್ತಿದ್ದರೆ ಬದುಕಿಕೊಳ್ಳಬಹುದು. ಬೌದ್ಧ ಶ್ರದ್ಧೆಯ ಸಸ್ಯಾಹಾರಕ್ಕೆ ಆ ಹೆಸರು. ಚಾಂದ್ರಮಾನ ತಿಂಗಳ ಮೊದಲ ದಿನ ಮತ್ತು ಹದಿನೈದನೆಯ ದಿನ ಅನೇಕರು ಮಾಂಸ ಮುಟ್ಟುವುದಿಲ್ಲ. ಅಂಥವರಿಗಾಗಿಯೇ ‘ಚಾಯ್’ ಎಂದು ಬೋರ್ಡು ಹಾಕಿದ ಊಟದ ಮನೆಗಳಿವೆ.

ಸ್ಟೂಲಿನ ಮೇಲೆ ಕೂತ ಒಂಟಿ ಪ್ರವಾಸಿಗೆ ಎದುರಾಗುವ ಮೊದಲ ಪ್ರಶ್ನೆಗಳಲ್ಲಿ ಒಂದು: ವಯಸ್ಸೆಷ್ಟು? ಪಾಶ್ಚಾತ್ಯರು ಇದಕ್ಕೆ ಮುಖ ಸಿಂಡರಿಸುವುದುಂಟು. ಕೇಳುವವರಿಗೆ ಅದು ವ್ಯಾಕರಣದ ತುರ್ತು. ವಿಯೆಟ್ನಾಮಿ ಮಾತಿನಲ್ಲಿ ಎಲ್ಲರಿಗೂ ಸಲ್ಲುವ ಒಂದೇ ‘ನೀವು’ ಇಲ್ಲ. ಹಿರಿಯಳಾದರೆ ‘ಚಿ’, ಅಂದರೆ ಅಕ್ಕ, ಹಿರಿಯನಾದರೆ ‘ಅಞ್’, ಅಣ್ಣ, ಕಿರಿಯರಾದರೆ ‘ಎಮ್’, ಅಪ್ಪ ಅಮ್ಮನಿಗಿಂತ ದೊಡ್ಡವರಾದರೆ ‘ಬಾಕ್’. ವಯಸ್ಸು ಗೊತ್ತಾಗದೆ ಮಾತು ಮುಂದುವರಿಯುವುದೇ ಇಲ್ಲ. ಬಸ್ಸಿನಲ್ಲಿ ಪಕ್ಕ ಕೂತವರನ್ನು ಅಕ್ಕ, ಅಣ್ಣ, ಅಜ್ಜಿ ಎಂದು ಮಾತಿಗೆಳೆಯುವ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕರೆಯುವಾಗ ಕೊನೆಗೆ ‘ಓಯ್’ ಸೇರಿಸುತ್ತಾರೆ: ‘ಚಿ ಓಯ್’, ‘ಎಮ್ ಓಯ್’. ನಮ್ಮಲ್ಲಿ ‘ಓಯ್’ ಎಂದರೆ ಜಗಳಕ್ಕೆ ಕರೆದಂತೆ. ಅಲ್ಲಿ ಅದೇ ಅಕ್ಕರೆಯ ಕೂಗು.

ದುಡ್ಡು ಕೊಡುವಾಗ ಮಾತ್ರ ಎಚ್ಚರ. ಒಂದು ರೂಪಾಯಿಗೆ ಸುಮಾರು 300 ಡಾಂಗ್. ಎಲ್ಲ ನೋಟುಗಳ ಮೇಲೂ ಹೋ ಚಿ ಮಿನ್ ಮುಖ, ಎಲ್ಲದರಲ್ಲೂ ಸೊನ್ನೆಗಳ ಸಾಲು. 20 ಸಾವಿರದ ನೋಟೂ ನೀಲಿ, 5 ಲಕ್ಷದ ನೋಟೂ ನೀಲಿ ಛಾಯೆಯದೇ. ಮಬ್ಬು ಬೆಳಕಿನಲ್ಲಿ ಒಂದರ ಬದಲು ಇನ್ನೊಂದನ್ನು ಕೊಟ್ಟವರ ಕಥೆಗಳು ಪ್ರವಾಸಿಗರಲ್ಲಿ ಧಾರಾಳ.

ಕೆರೆಯ ಉತ್ತರಕ್ಕೆ ನಡೆದರೆ ಹಳೇ ಪೇಟೆ. ‘ಮೂವತ್ತಾರು ಬೀದಿ’ ಎಂದೇ ಇದಕ್ಕೆ ಹೆಸರು; ಎಣಿಸಿದರೆ ಬೀದಿಗಳು ಅದಕ್ಕಿಂತ ಹೆಚ್ಚಿವೆ. ಬಹುಪಾಲು ಹೆಸರುಗಳು ‘ಹಾಂಗ್’ ಎಂದು ಶುರುವಾಗುತ್ತವೆ. ಹಾಂಗ್ ಎಂದರೆ ಸರಕು. ಬೆಂಗಳೂರಿನ ಅಕ್ಕಿಪೇಟೆ, ಬಳೇಪೇಟೆ, ಅರಳೇಪೇಟೆಗಳ ಹಾಗೆ ಒಂದೊಂದು ಕಸುಬಿಗೂ ಒಂದೊಂದು ಬೀದಿ. ಹಾಂಗ್ ಬಾಕ್ ಬೆಳ್ಳಿಯದು, ಇಂದಿಗೂ ಅಲ್ಲಿ ಆಭರಣದ ಅಂಗಡಿಗಳ ಸಾಲು. ಹಾಂಗ್ ಗಾಯ್ ಸೆಣಬಿನ ಹಗ್ಗದ್ದಾಗಿತ್ತು, ಈಗ ರೇಷ್ಮೆಯದು. ಹಾಂಗ್ ಥಿಯೆಕ್‌ಗೆ ನಕಾಶೆಯೇ ಬೇಡ: ತಗಡು ಬಡಿಯುವ ಸದ್ದು ಹಿಡಿದು ಹೋದರೆ ಸಾಕು. ಲಾನ್ ಓಂಗ್ ಬೀದಿಯನ್ನು ಮೂಗೇ ತೋರಿಸಿಕೊಡುತ್ತದೆ. 18ನೇ ಶತಮಾನದ ವೈದ್ಯನ ಹೆಸರಿನ ಆ ಬೀದಿಯ ತುಂಬ ಬೇರು, ತೊಗಟೆ, ಒಣಗಿದ ಅಣಬೆಗಳ ಮೂಟೆಗಳು. ಹಾಂಗ್ ಮಾದಲ್ಲಿ ಮಾರುವುದು ಪಿತೃಗಳಿಗೆ ಸುಟ್ಟು ಕಳಿಸುವ ಕಾಗದದ ಸಾಮಾನು: ಕಾಗದದ ಅಂಗಿ, ಕಾಗದದ ಡಾಲರು, ಕಾಗದದ ಬೈಕು, ಕಾಗದದ ಮೊಬೈಲು. ಸತ್ತವರೂ ಕಾಲಕ್ಕೆ ತಕ್ಕಂತೆ ಇರಬೇಕಲ್ಲ!

ಜಗಲಿಯ ಗುಟ್ಟು ತಿಳಿಯಬೇಕಾದರೆ ಮಾ ಮಯ್ ಬೀದಿಯ 87ನೇ ನಂಬರಿನ ಮನೆ ಹೊಕ್ಕು ನೋಡಬೇಕು. 19ನೇ ಶತಮಾನದ ವರ್ತಕರ ಮನೆ. ರಿಪೇರಿ ಮಾಡಿ ಜನರ ವೀಕ್ಷಣೆಗೆ ತೆರೆದಿಟ್ಟಿದ್ದಾರೆ. ಮುಂಭಾಗ ಸುಮಾರು 5 ಮೀಟರ್, ಆಳ 28 ಮೀಟರ್. ಇಂಥವಕ್ಕೆ ಕೊಳವೆ ಮನೆಗಳೆಂದೇ ಹೆಸರು. ಮುಂದೆ ಅಂಗಡಿ, ನಡುವೆ ಗಾಳಿ ಬೆಳಕಿಗೆ ಒಂದು ತೊಟ್ಟಿ, ಹಿಂದೆ ಅಡುಗೆಮನೆ. ಬೀದಿಗೆ ತೆರೆದ ಅಗಲದ ಮೇಲೆ ತೆರಿಗೆ ಹಾಕುತ್ತಿದ್ದರು, ಅದಕ್ಕೇ ಹೀಗೆ ಕಟ್ಟಿದರು ಎಂಬ ವಿವರಣೆ ಜನಜನಿತ. ಬೀದಿಯ ಕಡೆ ಎಲ್ಲರಿಗೂ ಒಂದಿಷ್ಟು ಅಂಗಡಿ ಬೇಕು ಎಂಬುದೇ ಸಾಕಷ್ಟು ಕಾರಣವಿರಬಹುದು. ಒಂದು ಕುಟುಂಬಕ್ಕೆಂದು ಕಟ್ಟಿದ ಇಂಥ ಮನೆಗಳನ್ನು ಕಮ್ಯುನಿಸ್ಟ್ ಆಡಳಿತ ಬಂದ ಮೇಲೆ ಹಲವು ಕುಟುಂಬಗಳಿಗೆ ಹಂಚಲಾಯಿತು. ತೊಟ್ಟಿ ಮುಚ್ಚಿ ಕೋಣೆಯಾಯಿತು, ಅಡುಗೆಮನೆಗೆ ಸರದಿ ಬಂತು. ಆಮೇಲೆ 1986ರಲ್ಲಿ ‘ದೋಯ್ ಮೋಯ್’ ಎಂಬ ಆರ್ಥಿಕ ಸುಧಾರಣೆ ಶುರುವಾಗಿ ಖಾಸಗಿ ವ್ಯಾಪಾರಕ್ಕೆ ಬಾಗಿಲು ತೆರೆಯಿತು. ಒಳಗೆ ಜಾಗವಿಲ್ಲದ, ಹೊರಗೆ ಗಿರಾಕಿ ಇರುವ ಮನೆಯವರು ಇನ್ನೆಲ್ಲಿ ಅಂಗಡಿ ಇಟ್ಟಾರು? ಒಲೆ, ಪಾತ್ರೆ, ಸ್ಟೂಲು ಎಲ್ಲವೂ ಹೊಸಿಲು ದಾಟಿ ಬಂದವು. ಬೆಳಗ್ಗೆ ಫೊ ಮಾರಿದ ಜಾಗದಲ್ಲೇ ಮಧ್ಯಾಹ್ನ ಇನ್ನೊಬ್ಬರ ಅನ್ನ, ರಾತ್ರಿ ಮತ್ತೊಬ್ಬರ ಬಿಯರು: ಕಾರ್ಖಾನೆಯ ಹಾಗೆ ಮೂರು ಪಾಳಿ.

ಹತ್ತಿರದ ಹಾಂಗ್ ಬುವೊಮ್ ಬೀದಿಯಲ್ಲಿ ಊರಿನ ಹುಟ್ಟಿನ ಕಥೆ ಇದೆ. 1010ರಲ್ಲಿ ಲೀ ಥಾಯ್ ತೊ ಎಂಬ ಅರಸ ರಾಜಧಾನಿಯನ್ನು ಇಲ್ಲಿಗೆ ತಂದು ಥಾಂಗ್ ಲಾಂಗ್, ಅಂದರೆ ಮೇಲೇರುವ ಡ್ರ್ಯಾಗನ್, ಎಂದು ಹೆಸರಿಟ್ಟ. ಕೋಟೆ ಕಟ್ಟಿದಷ್ಟೂ ಕುಸಿಯುತ್ತಿದ್ದಾಗ ಬಿಳಿಯ ಕುದುರೆಯೊಂದು ಬಂದು ತನ್ನ ಹೆಜ್ಜೆಗುರುತಿನಿಂದ ಗೋಡೆಯ ಜಾಗ ತೋರಿಸಿತಂತೆ. ಆ ಕುದುರೆಯ ಗುಡಿಯೇ ಬಾಕ್ ಮಾ. ಹನೋಯ್ ಎಂಬ ಹೆಸರು ಬಂದದ್ದು ತೀರ ಈಚೆಗೆ, 1831ರಲ್ಲಿ. ‘ನದಿಯ ಒಳಗಿನ ಊರು’ ಎಂದು ಅದರ ಅರ್ಥ.

ಆ ನದಿಯನ್ನು ನೋಡದೆ ಹೋಗುವಂತಿಲ್ಲ. 1749ರ ಕೋಟೆ ಬಾಗಿಲು ಓ ಕ್ವಾನ್ ಚುವಾಂಗ್ ಕೆಳಗೆ ಈಗಲೂ ಬೈಕುಗಳು ನುಗ್ಗುತ್ತವೆ. ಅದನ್ನೂ, 1994ರ ಬೆಂಕಿಯ ನಂತರ ಮತ್ತೆ ಕಟ್ಟಿದ ದೋಂಗ್ ಸುವಾನ್ ಮಾರುಕಟ್ಟೆಯನ್ನೂ ದಾಟಿದರೆ ಲಾಂಗ್ ಬಿಯೆನ್ ಸೇತುವೆ. ಫ್ರೆಂಚರು 1899ರಿಂದ 1902ರವರೆಗೆ ಕಟ್ಟಿ, ತಮ್ಮ ಗವರ್ನರ್ ಜನರಲ್ ಪೌಲ್ ದುಮೇರ್ ಹೆಸರಿಟ್ಟಿದ್ದರು. ಐಫೆಲ್ ಕಟ್ಟಿದ್ದು ಎಂದು ಗೈಡುಗಳು ಹೇಳುವುದುಂಟು. ಕಟ್ಟಿದ ಕಂಪನಿ ದೇದೆ ಎ ಪಿಯೆ. ಅಮೆರಿಕದ ವಿಮಾನಗಳು 1967ರಲ್ಲೂ 1972ರಲ್ಲೂ ಅದರ ಮೇಲೆ ಬಾಂಬು ಸುರಿದವು. ಕೆಡವಿದಷ್ಟು ಸಲವೂ ಸಿಕ್ಕಿದ ಕಬ್ಬಿಣ ಜೋಡಿಸಿ ನಿಲ್ಲಿಸಿದರು. ಹಾಗಾಗಿ ಈಗ ಕೆಲವು ಕಮಾನು ಎತ್ತರಕ್ಕಿವೆ, ನಡುನಡುವೆ ಕಮಾನೇ ಇಲ್ಲದೆ ಬೋಳಾಗಿದೆ: ಹಲ್ಲು ಬಿದ್ದ ದವಡೆಯ ಹಾಗೆ. ನಡುವೆ ರೈಲು ಹಳಿ, ಎರಡೂ ಬದಿಗೆ ಬೈಕು, ಸೈಕಲ್ಲು, ಅಂಚಿನಲ್ಲಿ ನಡೆಯುವವರು. ಕಾಲಡಿಯ ಚಪ್ಪಡಿಗಳ ಸಂದಿಯಲ್ಲಿ ಮಣ್ಣುಬಣ್ಣದ ಕೆಂಪು ನದಿಯೂ, ನಡುಗಡ್ಡೆಯ ಬಾಳೆತೋಟಗಳೂ ಇಣುಕುತ್ತವೆ. ರೈಲು ಬಂದರೆ ಇಡೀ ಸೇತುವೆ ನಡುಗುತ್ತದೆ. ಇಲ್ಲೊಂದು ಸೋಜಿಗವಿದೆ: ದೇಶಕ್ಕೆಲ್ಲ ಬಲಗಡೆಯ ನಿಯಮ, ಈ ಸೇತುವೆಯ ಮೇಲೆ ಮಾತ್ರ ಗಾಡಿಗಳು ಎಡಗಡೆ ಓಡುತ್ತವೆ. ಬೆಳಗಿನಿಂದ ತಪ್ಪುತ್ತಲೇ ಇದ್ದ ನಮ್ಮ ಕತ್ತಿಗೆ ಇಲ್ಲಿ ಮೊದಲ ಬಾರಿ ಸರಿಯುತ್ತರ.

ವಾಪಸು ಬರುವಾಗ ಹಾಂಗ್ ಲುವೊಕ್ ಬೀದಿಯಲ್ಲಿ ಬಿಳಿಯ ಮಸೀದಿಯೊಂದು ಕಾಣುತ್ತದೆ. ಅಲ್ ನೂರ್ ಮಸೀದಿ. 19ನೇ ಶತಮಾನದ ಕೊನೆಯಲ್ಲಿ ಇದನ್ನು ಕಟ್ಟಿಸಿದವರು ಭಾರತದಿಂದ ಹೋಗಿದ್ದ ವರ್ತಕರು. ಹನೋಯ್‌ಗೆ ಇಂದಿಗೂ ಇದೊಂದೇ ಮಸೀದಿ. ಭಾರತದ ಇನ್ನೊಂದು ಗುರುತು ಇಲ್ಲಿಂದ ದೂರ, ಪಶ್ಚಿಮ ಸರೋವರದ ದಂಡೆಯ ಚಾನ್ ಕ್ವೊಕ್ ಬೌದ್ಧಾಲಯದಲ್ಲಿದೆ: 1959ರಲ್ಲಿ ರಾಷ್ಟ್ರಪತಿ ರಾಜೇಂದ್ರ ಪ್ರಸಾದರು ತಂದುಕೊಟ್ಟ ಬೋಧಿ ಸಸಿ, ಈಗ ದೊಡ್ಡ ಮರ.

ಮಧ್ಯಾಹ್ನ ಬೀದಿ ಹೊಗೆಯಾಡುತ್ತದೆ. ಕೆಂಡದ ಮೇಲೆ ಹಂದಿಮಾಂಸ ಸುಟ್ಟು ಶಾವಿಗೆ, ಸೊಪ್ಪಿನ ಜೊತೆ ಕೊಡುವ ‘ಬುನ್ ಚಾ’ ಹೊತ್ತಿದು. 2016ರಲ್ಲಿ ಅಮೆರಿಕದ ಅಧ್ಯಕ್ಷ ಒಬಾಮ ಇಂಥದೇ ಒಂದು ಸಾಮಾನ್ಯ ಹೋಟೆಲಿನಲ್ಲಿ, ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ಟಿವಿಯ ಬಾಣಸಿಗ ಆಂಥನಿ ಬೋರ್ಡೇನ್ ಜೊತೆ ಬುನ್ ಚಾ ತಿಂದಿದ್ದರು. ಒಬ್ಬರೇ ತಿನ್ನುವವರಿಗೆ ಇದು ಅನುಕೂಲದ ಊಟ. ‘ಚಾ ಕಾ’ ಎಂಬ ಮೀನಿನ ಖಾದ್ಯವಾದರೆ ಮೇಜಿನ ಮೇಲೇ ಒಲೆಯಿಟ್ಟು ಬೇಯಿಸಿ ಹಂಚಿಕೊಳ್ಳುವಂಥದ್ದು. ಒಂಟಿ ಗಿರಾಕಿಗೆ ಅದು ದುಬಾರಿಯೂ ಹೌದು, ಪೇಚೂ ಹೌದು.

ಊಟದ ಮೇಲೆ ಕಾಫಿ. ಬ್ರೆಜಿಲ್ ಬಿಟ್ಟರೆ ಜಗತ್ತಿನಲ್ಲಿ ಅತಿ ಹೆಚ್ಚು ಕಾಫಿ ಬೆಳೆಯುವ ದೇಶ ವಿಯೆಟ್ನಾಂ, ಹೆಚ್ಚಿನದೆಲ್ಲ ರೋಬಸ್ಟ. ರೋಬಸ್ಟ ಬೆಲೆಯ ಮೇಲೆ ಕಣ್ಣಿಟ್ಟಿರುವ ಕೊಡಗಿನ ಬೆಳೆಗಾರರು ವಿಯೆಟ್ನಾಮಿನ ಬೆಳೆ ಹೇಗಿದೆ ಎಂದು ವಿಚಾರಿಸುವುದು ಅದಕ್ಕೇ. ಕಾಫಿ ಇಳಿಸುವ ‘ಫಿನ್’ ನಮ್ಮ ಫಿಲ್ಟರಿನ ಚಿಕ್ಕ ತಮ್ಮ. ಲೋಟದ ಮೇಲೇ ಕೂತು ತೊಟತೊಟನೆ ಡಿಕಾಕ್ಷನ್ ಇಳಿಸುತ್ತದೆ. ಕೆಳಗೆ ಮಂದ ಸಿಹಿಹಾಲು ಕಾದಿರುತ್ತದೆ. ಹನೋಯ್‌ನ ವಿಶೇಷ ಮೊಟ್ಟೆ ಕಾಫಿ. 1946ರಲ್ಲಿ ಹಾಲಿಗೆ ಬರ ಬಂದಾಗ ಮೆಟ್ರೊಪೋಲ್ ಹೋಟೆಲಿನ ನೌಕರ ನ್ಗುಯೆನ್ ವಾನ್ ಜಾಂಗ್ ಮೊಟ್ಟೆಯ ಹಳದಿಯನ್ನು ಸಕ್ಕರೆಯೊಂದಿಗೆ ನೊರೆಯೇಳುವ ಹಾಗೆ ಕಡೆದು ಕಾಫಿಯ ಮೇಲೆ ಹಾಕಿದ. ಅವನ ಹೆಸರಿನ ಕೆಫೆ ಇಂದಿಗೂ ಮನೆತನದ ಕೈಯಲ್ಲೇ ಇದೆ. ಹಸಿ ವಾಸನೆಯ ಭಯ ಬೇಡ. ಕಾಫಿಯ ಮೇಲೆ ಕಸ್ಟರ್ಡ್ ಕೂರಿಸಿದಂತಿರುತ್ತದೆ.

ಹಳೇ ಪೇಟೆಯಿಂದ ನೈಋತ್ಯಕ್ಕೆ ಎರಡು ಕಿಲೋಮೀಟರಿನಷ್ಟು ನಡೆದರೆ ವಾನ್ ಮಿಯೆವ್, ಸಾಹಿತ್ಯದ ದೇಗುಲ. ದಾರಿಯಲ್ಲಿ ರೈಲುಹಳಿಯ ಓಣಿ ಸಿಗುತ್ತದೆ. ಮನೆಬಾಗಿಲಿಗೆ ಕೈಯಳತೆಯಲ್ಲಿ ರೈಲು ಹೋಗುವ ಜಾಗ. ಫೋಟೋಗೆ ಮುಗಿಬೀಳುವವರು ಹೆಚ್ಚಾಗಿ 2019ರಲ್ಲಿ ಆಡಳಿತ ಅಲ್ಲಿನ ಕೆಫೆಗಳನ್ನು ಮುಚ್ಚಿಸಿತು. ಮುಚ್ಚಿಸುವುದು, ಮೆಲ್ಲಗೆ ತೆರೆಯುವುದು ಆಮೇಲೂ ನಡೆದುಬಂದಿದೆ.

ವಾನ್ ಮಿಯೆವ್ ಮಾತ್ರ ಬೇರೆಯೇ ಲೋಕ. ಕನ್‌ಫ್ಯೂಷಿಯಸ್ ಹೆಸರಲ್ಲಿ 1070ರಲ್ಲಿ ಕಟ್ಟಿದ ಗುಡಿ. ಆರು ವರ್ಷದ ನಂತರ ಅದರ ಮಗ್ಗುಲಲ್ಲೇ ರಾಜ ವಿದ್ಯಾಲಯ. ಒಂದರ ಹಿಂದೊಂದು ಐದು ಪ್ರಾಕಾರಗಳು. ಒಂದೊಂದು ಬಾಗಿಲು ದಾಟಿದಂತೆಯೂ ಹಾರನ್ನಿನ ಸದ್ದು ಒಂದೊಂದು ಮೆಟ್ಟಿಲು ಇಳಿಯುತ್ತದೆ. ಮೂರನೆಯ ಅಂಗಳದ ಕೊಳದ ಎರಡೂ ಬದಿಗೆ 82 ಶಿಲಾಫಲಕಗಳು, ಒಂದೊಂದೂ ಒಂದೊಂದು ಕಲ್ಲಾಮೆಯ ಬೆನ್ನ ಮೇಲೆ. 1442ರಿಂದ 1779ರವರೆಗಿನ ರಾಜಪರೀಕ್ಷೆಗಳಲ್ಲಿ ತೇರ್ಗಡೆಯಾದ ಸಾವಿರದ ಮುನ್ನೂರಕ್ಕೂ ಹೆಚ್ಚು ಪಂಡಿತರ ಹೆಸರು, ಊರು ಅವುಗಳ ಮೇಲಿವೆ. ರ್‍ಯಾಂಕ್ ಬಂದವರ ಹೆಸರನ್ನು ಕಲ್ಲಿನಲ್ಲೇ ಕೊರೆಸಿದ ದೇಶವಿದು. ಆ ಕಲ್ಲುಗಳ ಮುಂದೆ ನಿಂತ ಇಂದಿನ ವಿದ್ಯಾರ್ಥಿಗಳಲ್ಲಿ ಅದನ್ನು ಓದಬಲ್ಲವರು ವಿರಳ. ಫಲಕಗಳದ್ದು ಚೀನಿ ಲಿಪಿ, ಇವರು ಕಲಿಯುವುದು ಕ್ರೈಸ್ತ ಪಾದ್ರಿಗಳು 17ನೇ ಶತಮಾನದಲ್ಲಿ ರೂಪಿಸಿದ ರೋಮನ್ ಲಿಪಿ. ಚೀನಿ ಲಿಪಿಯ ರಾಜಪರೀಕ್ಷೆ ಕೊನೆಯದಾಗಿ ನಡೆದದ್ದು 1919ರಲ್ಲಿ. ಓದಲಾಗದಿದ್ದರೇನು, ಪರೀಕ್ಷೆಯ ಹಿಂದಿನ ದಿನ ಬಂದು ಆಮೆಯ ತಲೆ ಸವರಿ ಹೋಗುವ ರೂಢಿ ಮಾತ್ರ ನಿಲ್ಲಲಿಲ್ಲ. ತಲೆಗಳು ಸವೆಯತೊಡಗಿದ್ದರಿಂದ ಈಗ ಅಡ್ಡಗಟ್ಟೆ ಹಾಕಿದ್ದಾರೆ.

ಒಂದು ದಿನದ ನಡಿಗೆಯಲ್ಲಿ ಎಲ್ಲವೂ ದಕ್ಕುವುದಿಲ್ಲ. ಹೋ ಚಿ ಮಿನ್ ಸಮಾಧಿ ಬೆಳಗ್ಗೆ ಮಾತ್ರ ತೆರೆದಿರುತ್ತದೆ, ಸೋಮವಾರ, ಶುಕ್ರವಾರ ಅದೂ ಇಲ್ಲ. ಅದು ಇನ್ನೊಂದು ದಿನದ ಪಾಲು. ಫ್ರೆಂಚರು 1896ರಲ್ಲಿ ಕಟ್ಟಿದ ಹ್ವಾ ಲೋ ಜೈಲಿಗೆ ಮಾತ್ರ ಕೆರೆಗೆ ಹಿಂದಿರುಗುವ ದಾರಿಯಲ್ಲಿ ಹೊಕ್ಕು ಬರಬಹುದು. ಮೊದಲು ವಿಯೆಟ್ನಾಮಿ ಹೋರಾಟಗಾರರು, ಆಮೇಲೆ ಅಮೆರಿಕದ ಪೈಲಟ್ಟುಗಳು ಇದ್ದ ಜೈಲು. ಮುಂದೆ ಸೆನೆಟರ್ ಆದ ಜಾನ್ ಮೆಕೇನ್ ಕೂಡ ಇಲ್ಲಿದ್ದವರು. ತಲೆ ಕಡಿಯುವ ಗಿಲೊಟಿನ್ ಯಂತ್ರ ಈಗಲೂ ಒಂದು ಕೋಣೆಯಲ್ಲಿ ನಿಂತಿದೆ. ಹ್ವಾ ಲೋ ಎಂದರೆ ಒಲೆ. ಜೈಲು ಬರುವ ಮೊದಲು ಅದು ಮಣ್ಣಿನ ಒಲೆ ಮಾಡುವವರ ಕೇರಿಯಾಗಿತ್ತು.

ಸಂಜೆ ಕೆರೆಯಂಚಿನ ರಂಗಮಂದಿರದಲ್ಲಿ ನೀರುಗೊಂಬೆಯಾಟ. ನಮ್ಮ ಸೂತ್ರದ ಗೊಂಬೆಗೆ ಎಳೆ ಮೇಲಿಂದ. ಇಲ್ಲಿ ಕೋಲು ನೀರಿನಡಿ. ಆಡಿಸುವವರು ಬಿದಿರಿನ ಪರದೆಯ ಹಿಂದೆ ಸೊಂಟದ ಮಟ್ಟದ ನೀರಿನಲ್ಲಿ ನಿಂತಿರುತ್ತಾರೆ. ನೀರು ತುಂಬಿದ ಗದ್ದೆಗಳ ನಾಡಿನಲ್ಲಿ ಹುಟ್ಟಿದ ಈ ಕಲೆಯ ಪ್ರಸ್ತಾಪ 1121ರ ಶಿಲಾಶಾಸನವೊಂದರಲ್ಲಿದೆ. ಉಳುವ ರೈತ, ಬಾತುಕೋಳಿ ಕದಿಯುವ ನರಿ, ಬೆಂಕಿಯುಗುಳುವ ಡ್ರ್ಯಾಗನ್. ಅವುಗಳ ನಡುವೆ ದೋಣಿಯಲ್ಲಿ ಲೇ ಲೋಯ್, ನೀರಿನಿಂದೇಳುವ ಆಮೆ, ಅದರ ಬಾಯಿಗೆ ಸೇರುವ ಖಡ್ಗ. ಬೆಳಗ್ಗೆ ಗಾಜಿನ ಪೆಟ್ಟಿಗೆಯಲ್ಲಿ ಕಂಡದ್ದು ಇಲ್ಲಿ ಈಜುತ್ತದೆ.

ರಾತ್ರಿಪಾಳಿ ಟಾ ಹಿಯೆನ್ ಬೀದಿಯದು. ‘ಬಿಯಾ ಹೊಯ್’ ಎಂಬ ಆಯಾ ದಿನದ ತಾಜಾ ಬಿಯರು ಅಲ್ಲಿ ಅಗ್ಗ. ಬಿಯರು ಬೇಡವಾದವರಿಗೆ ‘ಚಾ ಡಾ’, ಐಸು ಹಾಕಿದ ಚಹಾ. ಕುಡಿಯುವವರು ಫುಟ್‌ಪಾತ್ ದಾಟಿ ರಸ್ತೆಗೂ ಸ್ಟೂಲು ಎಳೆದುಕೊಂಡಿರುತ್ತಾರೆ. ಪೊಲೀಸ್ ಜೀಪು ಬರುವ ಸುಳಿವು ಸಿಕ್ಕಿತೋ, ಅಂಗಡಿಯವರು ಗಿರಾಕಿಗಳನ್ನು ಎಬ್ಬಿಸಿ ಸ್ಟೂಲು ಮೇಜುಗಳನ್ನು ಬಾಚಿ ಒಳಗೆಸೆಯುತ್ತಾರೆ. ಲೋಟ ಕೈಯಲ್ಲಿ ಹಿಡಿದ ಪ್ರವಾಸಿ ನಿಂತಲ್ಲೇ ಬಾಕಿ. ಜೀಪು ತಿರುವು ದಾಟಿದ ಕೂಡಲೇ ಸ್ಟೂಲುಗಳೆಲ್ಲ ಮತ್ತೆ ಹೊರಗೆ. 2017ರಲ್ಲಿ ನಗರಾಡಳಿತ ಫುಟ್‌ಪಾತ್ ತೆರವಿಗೆ ದೊಡ್ಡ ಕಾರ್ಯಾಚರಣೆ ನಡೆಸಿ, ಮನೆಗಳ ಮೆಟ್ಟಿಲುಗಳನ್ನೂ ಒಡೆಸಿತ್ತು. ಜಗಲಿ ಎಲ್ಲಿಗೂ ಹೋಗಲಿಲ್ಲ.

ವಾರಾಂತ್ಯವಾದರೆ ಕೆರೆಯ ಸುತ್ತಲಿನ ರಸ್ತೆಗಳು ಪೂರ್ತಿ ನಡೆಯುವವರದ್ದು. 2016ರಿಂದ ಶುಕ್ರವಾರ ಸಂಜೆಯಿಂದ ಭಾನುವಾರ ರಾತ್ರಿಯವರೆಗೆ ಅಲ್ಲಿ ವಾಹನ ಬಿಡುವುದಿಲ್ಲ. ದಿನವೆಲ್ಲ ಬೈಕುಗಳ ನಡುವೆ ನುಸುಳಿ ಬಂದ ಪ್ರವಾಸಿ ಆ ಖಾಲಿ ರಸ್ತೆಯ ಅಂಚಿಗೆ ಬಂದು ರೂಢಿಯಂತೆ ನಿಲ್ಲುತ್ತಾನೆ. ಎಡಕ್ಕೆ ನೋಡುತ್ತಾನೆ, ಬಲಕ್ಕೆ ನೋಡುತ್ತಾನೆ, ಏನೂ ಇಲ್ಲವೆಂದು ಕಾಲಿಡುತ್ತಾನೆ. ಅಪ್ಪನ ಕೈಯ ರಿಮೋಟಿನಲ್ಲಿ ಓಡುವ ಆಟಿಕೆ ಕಾರೊಂದು, ಮೂರು ವರ್ಷದ ಸವಾರನನ್ನು ಕೂರಿಸಿಕೊಂಡು, ಹಿಂದಿನಿಂದ ಬಂದು ಹಿಮ್ಮಡಿಗೆ ಬಡಿಯುತ್ತದೆ.